ಗಿಂಡಿ, ಹಾಳೆ, ಕವಳದ ತಟ್ಟೆ: ಹೊಸ ರೂಪದ ಬೆಳ್ಳಿ ಆರಿಸುವ ಮುನ್ನ

ಅಡಿಕೆ ಹಾಳೆಯ ಮಡಿಕೆಯನ್ನೇ ಅಂಚಾಗಿಸಿಕೊಂಡ ತಟ್ಟೆ. ಮೂತಿಯನ್ನು ಕೊಕ್ಕರೆಯ ಕೊಕ್ಕಿನಷ್ಟು ಉದ್ದಕ್ಕೆ ಎಳೆದ ಗಿಂಡಿ. ಯಾಣದ ಬಂಡೆಯಂತೆ ಸೀಳುಸೀಳಾಗಿ ಎದ್ದು, ಸೀಳಿನೊಳಗೆ ಕಪ್ಪು ತುಂಬಿಕೊಂಡ ನೀಲಾಂಜನ. ಮನೆಯ ಬೆಳ್ಳಿಯನ್ನು ಹೀಗೆ ಹೊಸದಾಗಿ ಕಾಣಬೇಕೆಂಬ ಆಸೆ ಹುಟ್ಟಿದ ಕೂಡಲೇ ಆಯ್ಕೆಯ ತಲೆನೋವೂ ಶುರುವಾಗುತ್ತದೆ. ಶುದ್ಧತೆ 999 ಬೇಕೋ 925 ಸಾಕೋ, ಅಪ್ಪಟ ಬೆಳ್ಳಿಯೋ ತಾಮ್ರದ ಮೇಲೆ ಲೇಪವೋ, ಕೈಯಲ್ಲಿ ಬಡಿದದ್ದೋ ಎರಕ ಹೊಯ್ದದ್ದೋ, ಫಳಫಳ ಹೊಳೆಯಬೇಕೋ ಕಪ್ಪಿಡಬೇಕೋ, ಅಜ್ಜಿಯ ಕಾಲದ್ದನ್ನು ಕರಗಿಸಬೇಕೋ ಬಿಡಬೇಕೋ.

ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಾಗಲಿ, ಘಟ್ಟದ ಮೇಲಿನ ಶಿರಸಿ ಸಿದ್ದಾಪುರಗಳಲ್ಲಾಗಲಿ, ಇವೆಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯೇ ಇದೆ: ಈ ಪಾತ್ರೆಯನ್ನು ಯಾರು ಒರೆಸುತ್ತಾರೆ, ಎಷ್ಟು ದಿನಕ್ಕೊಮ್ಮೆ? ದಿನಾ ಕೈಗೆ ಸಿಗುವ ಬೆಳ್ಳಿ ತಾನಾಗಿ ಬೆಳ್ಳಗಿರುತ್ತದೆ. ಶೋಕೇಸಿನಲ್ಲಿಟ್ಟು ಮರೆತದ್ದು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹಳದಿಯಾಗಿ, ಕಂದಾಗಿ, ಕೊನೆಗೆ ಮಸಿಯಾಗುತ್ತದೆ. ಲೋಹದ ದರ್ಜೆಗಿಂತ, ಎಷ್ಟೋ ಸಲ ಕಲಾವಿದನ ಹೆಸರಿಗಿಂತಲೂ, ಈ ಒಂದು ಉತ್ತರವೇ ನಿಮ್ಮ ಆಯ್ಕೆಯನ್ನು ತೀರ್ಮಾನಿಸಬೇಕು.

ಇಲ್ಲಿನ ಗಾಳಿ ಮಾಡುವ ಕೆಲಸ

ಕಾರವಾರದಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ. ಆದರೆ ಬೆಳ್ಳಿಯನ್ನು ಕಪ್ಪಾಗಿಸುವುದು ಬರೀ ತೇವವಲ್ಲ, ತೇವದ ಜೊತೆ ಬರುವ ಗಂಧಕ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಗಾಳಿಯಲ್ಲಿ ಲವಲೇಶವಿದ್ದರೂ ಬೆಳ್ಳಿಯ ಮೇಲೆ ಸಲ್ಫೈಡಿನ ಪದರ ಕೂರುತ್ತದೆ. ಕಾಳಿ, ಅಘನಾಶಿನಿ, ಶರಾವತಿ ನದಿಗಳು ಕಡಲು ಸೇರುವಲ್ಲಿನ ಹಿನ್ನೀರಿನ ಅಂಚಿನಲ್ಲಿ ಮನೆಯಿದ್ದವರಿಗೆ ಈ ವಾಸನೆ ಗೊತ್ತು. ಇಳಿತದ ಹೊತ್ತಿಗೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದ ಕೆಸರಿನಿಂದ ಏಳುವುದು ಅದೇ. ಅಂಥ ಮನೆಯಲ್ಲಿ ಹೊಳಪಿನ ಬೆಳ್ಳಿಯ ಮೇಲೆ ಹಣ ಹಾಕುವ ಮುಂಚೆ ಎರಡು ಸಲ ಯೋಚಿಸಬೇಕು.

ಉಪ್ಪಿನದು ಬೇರೆ ಕಥೆ. ಉಪ್ಪು ಹಾಕಿದ ಕೋಕಂ ಸಾರನ್ನೋ ಅಪ್ಪೆಹುಳಿಯನ್ನೋ ಬೆಳ್ಳಿ ಬಟ್ಟಲಲ್ಲಿ ರಾತ್ರಿಯಿಡೀ ಬಿಟ್ಟರೆ ಕ್ಲೋರೈಡಿನ ಬೂದುಬಿಳಿ ಕಲೆ ಏಳುತ್ತದೆ. ಬೆಳಕು ತಾಗಿದಂತೆ ಅದು ನೇರಳೆಗಪ್ಪಿಗೆ ತಿರುಗುತ್ತದೆ. ಸಲ್ಫೈಡಿನ ಕಪ್ಪು ಒರೆಸಿದರೆ ಹೋದೀತು, ಕ್ಲೋರೈಡ್ ಲೋಹವನ್ನು ಸಣ್ಣ ಸಣ್ಣ ಗುಳಿಯಾಗಿ ತಿನ್ನುತ್ತದೆ. ಆದ್ದರಿಂದ ಉಪ್ಪು-ಹುಳಿ ಬಡಿಸುವ ಬಟ್ಟಲನ್ನು ಮಾಡಿಸುವವರು ಒಳಮೈಗೆ ಚಿನ್ನದ ಗಿಲೀಟು ಹಾಕಿಸಲೇಬೇಕು. ಇಲ್ಲದಿದ್ದರೆ ಒಳಗೊಂದು ಗಾಜಿನ ಬಟ್ಟಲು ಕೂರುವಂತೆ ಅಳತೆ ಕೊಡಬೇಕು. ನೀರು, ಹಾಲು, ಪಾಯಸಕ್ಕೆ ಈ ಚಿಂತೆಯಿಲ್ಲ.

ಬಿಸಿಯ ಲೆಕ್ಕ

ಕಲಾಕೃತಿಯ ಹುರುಪಿನಲ್ಲಿ ಹೆಚ್ಚಿನವರು ಮರೆಯುವ ಸಂಗತಿ ಇದು. ಲೋಹಗಳಲ್ಲೆಲ್ಲ ಶಾಖವನ್ನು ಅತಿ ಬೇಗ ಸಾಗಿಸುವುದು ಬೆಳ್ಳಿ. ಸ್ಟೀಲ್ ಲೋಟಕ್ಕಿಂತ 25 ಪಟ್ಟಿಗೂ ಹೆಚ್ಚು. ಶಿರಸಿ ಕಡೆಯ ಬಿಸಿ ಕಷಾಯವನ್ನು ಒಂದೇ ಪದರದ ಬೆಳ್ಳಿ ಲೋಟಕ್ಕೆ ಹೊಯ್ದರೆ ಲೋಟ ಎತ್ತಲಾಗುವುದಿಲ್ಲ, ತುಟಿಗೂ ಇಡಲಾಗುವುದಿಲ್ಲ. ಅಂಚನ್ನು ಹೊರಕ್ಕೆ ಮಡಿಸಿದ್ದರೆ ಹಿಡಿಯಲಿಕ್ಕೆ ಸ್ವಲ್ಪ ಆಸರೆ. ಎರಡು ಪದರ ಮಾಡಿಸಿದರೆ ಹಿಡಿಯಬಹುದು, ಆದರೆ ತೂಕ ಹೆಚ್ಚುಕಡಿಮೆ ಇಮ್ಮಡಿ. ಪದರಗಳ ನಡುವೆ ಗಾಳಿ ಹೋಗಲು ಬೆಸುಗೆಯ ಹೊತ್ತಿನಲ್ಲಿ ಸೂಜಿಮೊನೆಯಷ್ಟು ತೂತು ಬಿಟ್ಟಿರಬೇಕು. ಇಲ್ಲದಿದ್ದರೆ ಒಳಗಿನ ಗಾಳಿ ಹಿಗ್ಗಿ ಪಾತ್ರೆ ಉಬ್ಬುತ್ತದೆ, ಸಿಡಿಯಲೂಬಹುದು.

ಜರ್ಮನಿಯ ಬೌಹೌಸ್ ಕಲಾಶಾಲೆಯಲ್ಲಿ ಮರಿಯಾನೆ ಬ್ರಾಂಟ್ 1924ರಲ್ಲಿ ಮಾಡಿದ ಪುಟ್ಟ ಟೀ ಪಾತ್ರೆಯನ್ನು ಲೋಹಕಲೆಯ ಬಗ್ಗೆ ಮಾತಾಡುವವರೆಲ್ಲ ನೆನೆಯುತ್ತಾರೆ. ಅರ್ಧಗೋಲದ ಮೈ, ಅಡ್ಡಪಟ್ಟಿಯ ಕಾಲು. ಅದರ ಹಿಡಿ ಕರಿಮರದ್ದು ಎನ್ನುವುದನ್ನು ಬರೀ ಚಂದಕ್ಕೆಂದು ನೋಡಬಾರದು, ಬೆರಳು ಸುಡಬಾರದೆಂಬುದೂ ಅಲ್ಲಿದೆ. ಆರತಿ ತಟ್ಟೆ, ಧೂಪಾರತಿ, ಕಷಾಯದ ಕೆಟ್ಲು ಯಾವುದೇ ಇರಲಿ, ಹಿಡಿಗೆ ಬೀಟೆ ಅಥವಾ ಬಲಿತ ತೆಂಗಿನ ಮರ ಕೇಳಿ. ಮರವನ್ನು ಅಂಟಿನಿಂದ ಕೂರಿಸಲು ಬಿಡಬೇಡಿ, ಬಿಸಿಗೆ ಅಂಟು ಮೆತ್ತಗಾಗುತ್ತದೆ. ರಿವಿಟ್ ಹೊಡೆಸಬೇಕು, ಮರದೊಳಗಿನ ತೂತು ರಿವಿಟ್ಟಿಗಿಂತ ಕೂದಲೆಳೆಯಷ್ಟು ಅಗಲವಿರಬೇಕು. ಆಷಾಢದಲ್ಲಿ ಊದಿಕೊಂಡ ಮರಕ್ಕೆ ಜಾಗವಿಲ್ಲದಿದ್ದರೆ ಅದು ರಿವಿಟ್ಟಿನ ನೇರಕ್ಕೇ ಸೀಳುತ್ತದೆ.

ಯಾವ ಲೋಹ

999 ಅಂದರೆ ಸಾವಿರಕ್ಕೆ 999 ಪಾಲು ಬೆಳ್ಳಿ. 925 ಅಂದರೆ 925 ಪಾಲು ಬೆಳ್ಳಿ, ಉಳಿದದ್ದು ಸಾಮಾನ್ಯವಾಗಿ ತಾಮ್ರ. ಇವೆರಡರ ನಡುವೆ 958 ಎಂಬ ದರ್ಜೆಯೂ ಇದೆ. ಇಂಗ್ಲೆಂಡಿನಲ್ಲಿ 1697ರಿಂದ 1720ರವರೆಗೆ ಬೆಳ್ಳಿ ಪಾತ್ರೆಗೆ ಅದೇ ಕಡ್ಡಾಯವಾಗಿತ್ತು. ನಾಣ್ಯ ಕರಗಿಸಿ ಪಾತ್ರೆ ಮಾಡುವುದನ್ನು ತಡೆಯುವ ಉಪಾಯ ಅದು.

ನಮ್ಮಲ್ಲಿ ‘ಅಪ್ಪಟ’ ಎಂಬ ಮಾತಿಗೆ ಮನಸ್ಸು ಬೇಗ ವಾಲುತ್ತದೆ. ಆದರೆ 999 ಬೆಳ್ಳಿ ಮೆತ್ತಗಿನದು. ಹದ ಕಾಯಿಸಿದ, ಅಂದರೆ ಕೆಂಪಗೆ ಕಾಯಿಸಿ ಮೆತ್ತಗಾಗಿಸಿದ ಸ್ಥಿತಿಯಲ್ಲಿ 925ರ ಗಡಸುತನದ ಅರ್ಧವೂ ಅದಕ್ಕಿಲ್ಲ. ತೆಳು ಅಂಚಿನ 999 ಲೋಟವನ್ನು ಪಾತ್ರೆ ತೊಳೆಯುವಲ್ಲಿ ಬೀಳಿಸಿದರೆ ತಗ್ಗು ಬೀಳುವುದು ಖಂಡಿತ. ಹಾಗಂತ 999 ಕೀಳೆಂದಲ್ಲ. ಆಳವಾಗಿ ಬಡಿದು ಎತ್ತುವ ಹೂದಾನಿಯಂಥ ಕೆಲಸಕ್ಕೆ ಅದು ಒದಗಿದಷ್ಟು 925 ಒದಗುವುದಿಲ್ಲ, ಸುತ್ತಿಗೆ ಹೇಳಿದಂತೆ ಕೇಳುತ್ತದೆ. ತಾಮ್ರವಿಲ್ಲದ್ದರಿಂದ ಕಾಯಿಸಿದಾಗ ಒಳಗೆ ಕೆಂಗಪ್ಪು ಕಲೆಯೂ ಹುಟ್ಟುವುದಿಲ್ಲ. 925ರಲ್ಲಿ ಈ ಕಲೆಯೇ ದೊಡ್ಡ ಕಾಟ. ಕಾಯಿಸುವಾಗ ಆಮ್ಲಜನಕ ಮೇಲ್ಮೈಯ ಕೆಳಗಿಳಿದು ತಾಮ್ರವನ್ನು ಸುಡುತ್ತದೆ. ಪಾಲಿಶ್ ಮಾಡಿದ ಮೇಲೆ ಮೋಡದ ನೆರಳಿನಂತೆ ಬೂದು ಮಚ್ಚೆ ಎದ್ದು ಕಾಣುತ್ತದೆ. ಬಿಳಿಗಾರವನ್ನು ಇಡೀ ಮೈಗೆ ಬಳಿದು ಕಾಯಿಸುವ ಕೆಲಸಗಾರನ ಪಾತ್ರೆಯಲ್ಲಿ ಅದು ಕಡಿಮೆ. ಖರೀದಿಗೆ ಹೋದಾಗ ಪಾತ್ರೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ತಿರುಗಿಸಿ. ಅಂಗಡಿಯ ಹಳದಿ ದೀಪದಡಿ ಈ ಮಚ್ಚೆ ಕಾಣುವುದಿಲ್ಲ.

ದಿನಬಳಕೆಗೆ 925, ನೋಡುವ ಪಾತ್ರೆಗೆ 999: ನಮ್ಮ ಸಲಹೆ ಇಷ್ಟು.

ಇನ್ನು ತೂಕ. ಮಾತು ಅಳತೆಗಿಳಿದರೆ ಮೋಸಕ್ಕೆ ಜಾಗ ಕಡಿಮೆ. 7 ಸೆಂ.ಮೀ. ಅಗಲ, 8 ಸೆಂ.ಮೀ. ಎತ್ತರದ ನೇರ ಲೋಟ ತೆಗೆದುಕೊಳ್ಳಿ. ಸುತ್ತಿನ ಮೈ ಸುಮಾರು 176 ಚದರ ಸೆಂ.ಮೀ., ತಳ 38, ಒಟ್ಟು 214. ತಗಡು 1 ಮಿ.ಮೀ. ದಪ್ಪವಿದ್ದರೆ 21.4 ಘನ ಸೆಂ.ಮೀ. ಲೋಹ. 925 ಬೆಳ್ಳಿಯ ಸಾಂದ್ರತೆ ಘನ ಸೆಂ.ಮೀ.ಗೆ 10.36 ಗ್ರಾಂ, ಅಂದರೆ ಲೋಟ ಹತ್ತಿರ ಹತ್ತಿರ 220 ಗ್ರಾಂ. ಅದೇ ಲೋಟ 0.6 ಮಿ.ಮೀ. ತಗಡಿನದಾದರೆ 133 ಗ್ರಾಂ. ಕೈಗೆ ಎರಡೂ ‘ಬೆಳ್ಳಿ ಲೋಟ’ವೇ, ಆದರೆ ಎರಡನೆಯದನ್ನು ಹೆಬ್ಬೆರಳಿಂದ ಒತ್ತಿದರೆ ಬಾಗುತ್ತದೆ. 30 ಸೆಂ.ಮೀ. ಅಗಲದ ಊಟದ ತಟ್ಟೆ 0.8 ಮಿ.ಮೀ. ತಗಡಿನಲ್ಲಿ 585 ಗ್ರಾಂ ಆಸುಪಾಸು, ಅದೇ ತಟ್ಟೆ ತಾಮ್ರದಲ್ಲಿ 505. ಬಾಯಿ ಅಗಲವಾದಷ್ಟೂ ದಪ್ಪ ಬೇಕು. ದುಡ್ಡು ಉಳಿಸುವುದಾದರೆ ಗಾತ್ರ ಕಿರಿದು ಮಾಡಿ, ತಗಡು ತೆಳು ಮಾಡಬೇಡಿ. ಅಂಗೈಯಗಲದ ದಪ್ಪ ಕುಂಕುಮದ ಬಟ್ಟಲು ತೆಳು ಹರಿವಾಣಕ್ಕಿಂತ ನೂರು ಪಾಲು ಮೇಲು.

ಲೇಪದ ಮಾತಿಗೂ ಇದೇ ಲೆಕ್ಕ. ಆ ಲೋಟವನ್ನು ತಾಮ್ರದಲ್ಲಿ ಮಾಡಿ ಒಳಗೆ ಹೊರಗೆ 10 ಮೈಕ್ರಾನ್ (ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದಲ್ಲೊಂದು ಪಾಲು) ಬೆಳ್ಳಿ ಲೇಪಿಸಿದರೆ ಹಿಡಿಯುವ ಬೆಳ್ಳಿ ನಾಲ್ಕೂವರೆ ಗ್ರಾಂ. ಅಗ್ಗದ ಉಡುಗೊರೆ ಸಾಮಾನಿನಲ್ಲಿ ಲೇಪ ಒಂದೆರಡು ಮೈಕ್ರಾನ್ ಮೀರುವುದು ಕಡಿಮೆ. ಅದು ಪುಡಿ ಹಾಕಿ ತಿಕ್ಕಿದ ಕೆಲವೇ ಸಲಕ್ಕೆ ಅಂಚಿನಲ್ಲಿ, ಕಾಲಿನಲ್ಲಿ ಕೆಂಪಗೆ ಇಣುಕುತ್ತದೆ. ಕರಾವಳಿಯ ಉಪ್ಪುಗಾಳಿ ಲೇಪದ ಸೂಜಿರಂಧ್ರಗಳಲ್ಲಿಳಿದು ಒಳಗಿನ ತಾಮ್ರದಿಂದ ಹಸಿರು ಕಿಲುಬು ಹೊರಡಿಸುತ್ತದೆ. ಕಿಲುಬು ಬಂದ ಲೇಪದ ಪಾತ್ರೆಯಲ್ಲಿ ತಿನ್ನುವುದು ಕುಡಿಯುವುದು ಬೇಡ. ಹಾಗಾದರೆ ಲೇಪ ಯಾವುದಕ್ಕೆ ಸರಿ? ಗೋಡೆಗೆ ತೂಗುವ ಕೆಲಸಕ್ಕೆ, ಕೈ ತಾಗದ ದೊಡ್ಡ ಶಿಲ್ಪಕ್ಕೆ. ಲೇಪದ ದಪ್ಪವನ್ನು ಮೈಕ್ರಾನಿನಲ್ಲಿ ಬರೆದು ಕೊಡದ ಕಡೆ ಅದಕ್ಕೂ ಬೇಡ.

‘ಜರ್ಮನ್ ಸಿಲ್ವರ್’ ಎಂಬ ಹೆಸರಿಗೆ ಮರುಳಾಗಬೇಡಿ. ಅದರಲ್ಲಿರುವುದು ತಾಮ್ರ, ನಿಕ್ಕಲ್, ಸತು. ಬೆಳ್ಳಿ ಚೂರೂ ಇಲ್ಲ.

ಬೆಳ್ಳಿಯನ್ನೇ ಬಿಟ್ಟು ತಾಮ್ರ ಹಿತ್ತಾಳೆಯಲ್ಲಿ ಮಾಡಿಸುವುದು ಮರ್ಯಾದೆಗೇಡಲ್ಲ. ಅದೇ ಕೈಚಳಕ, ಲೋಹದ ಖರ್ಚು ಎಷ್ಟೋ ಪಾಲು ಕಡಿಮೆ, ಕಲಾವಿದನೂ ಧೈರ್ಯವಾಗಿ ಕೆಲಸ ಮಾಡುತ್ತಾನೆ. ದೊಡ್ಡ ಗಾತ್ರಕ್ಕೆ, ಹೊಸ ಆಕಾರವನ್ನು ಪರೀಕ್ಷಿಸಿ ನೋಡುವುದಕ್ಕೆ ತಾಮ್ರವೇ ಸರಿ. ಮಜ್ಜಿಗೆ, ಹುಳಿ ಹಾಕುವುದಾದರೆ ಮಾತ್ರ ಒಳಗೆ ತವರದ ಕಲಾಯಿ ಬೇಕು. ತವರ 232 ಡಿಗ್ರಿಗೇ ಕರಗುವುದರಿಂದ ಕಲಾಯಿ ಪಾತ್ರೆಯನ್ನು ಒಲೆಯ ಮೇಲೆ ಒಣಗಲು ಬಿಡಬಾರದು. ಕಪ್ಪು-ಬಿಳಿಯ ಸೊಬಗೇ ಬೇಕೆನ್ನುವವರಿಗೆ ನಮ್ಮದೇ ರಾಜ್ಯದ ಬಿದರಿ ಇದೆ. ಸತುವಿಗೆ ಒಂದಿಷ್ಟು ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ತಂತಿ ಕೂರಿಸಿ, ಬೀದರ ಕೋಟೆಯ ಮಣ್ಣು ಮತ್ತು ನವಸಾಗರದಿಂದ ಕಪ್ಪಿಡುವ ಕೆಲಸ. ನೋಡಲಿಕ್ಕೆ ಅದ್ಭುತ, ಉಣ್ಣಲಿಕ್ಕೆ ಅಲ್ಲ. ಹುಳಿಗೆ ಸತು ಬಿಡುತ್ತದೆ.

ಹೇಗೆ ಮಾಡಿದ್ದು

ಬಡಿದು ಎತ್ತಿದ ಪಾತ್ರೆ ಒಂದೇ ಬಿಲ್ಲೆಯಿಂದ ಹುಟ್ಟುತ್ತದೆ. ಮೇಲಿನ ಅಳತೆಯ ಲೋಟಕ್ಕೆ ಸುಮಾರು 16.5 ಸೆಂ.ಮೀ. ಬಿಲ್ಲೆ ಬೇಕು. ಅದನ್ನು ಮೊದಲು ಮರದ ಗುಳಿಯಲ್ಲಿ ತಗ್ಗು ಮಾಡಿ, ಆಮೇಲೆ ಕಬ್ಬಿಣದ ಗೂಟದ ಮೇಲೆ ತಳದಿಂದ ಅಂಚಿನವರೆಗೆ ಸುತ್ತುಸುತ್ತಾಗಿ ಬಡಿಯುತ್ತ ಬರುತ್ತಾರೆ. ಒಂದೊಂದು ಸುತ್ತಿಗೂ ಬಾಯಿ ಹತ್ತರಲ್ಲಿ ಒಂದು ಪಾಲಿನಷ್ಟು ಕಿರಿದಾಗುತ್ತದೆ. ಬಡಿತಕ್ಕೆ ಲೋಹ ಗಡುಸಾಗಿ ಸೆಟೆಯುವುದರಿಂದ ಪ್ರತಿ ಸುತ್ತಿನ ನಂತರ ಹದ ಕಾಯಿಸಬೇಕು. 600ರಿಂದ 650 ಡಿಗ್ರಿ, ಕತ್ತಲಲ್ಲಿ ನೋಡಿದರೆ ಮಂಕು ಕೆಂಪು. ಹಾಗೆ ಏಳೆಂಟು, ಒಮ್ಮೊಮ್ಮೆ ಹತ್ತು ಸುತ್ತು. ಹದ ತಪ್ಪಿ ಹೆಚ್ಚು ಕಾಯ್ದರೆ ಲೋಹದ ಕಣ ದೊಡ್ಡದಾಗಿ ಮೈ ಕಿತ್ತಳೆ ಸಿಪ್ಪೆಯಂತೆ ತರಕಲಾಗುತ್ತದೆ. ಕಡಿಮೆ ಕಾಯ್ದರೆ ಅಂಚು ಸೀಳುತ್ತದೆ. ಪಳಗಿದ ಕೈಗೂ ಒಂದು ಲೋಟಕ್ಕೆ ಒಂದೆರಡು ದಿನ ಹಿಡಿಯುತ್ತದೆ. ಮಜೂರಿ ಹೆಚ್ಚೆಂದು ಗೊಣಗುವ ಮೊದಲು ಈ ಲೆಕ್ಕ ನೆನಪಿರಲಿ.

ಇದರ ಲಾಭ ಎರಡು. ಎಲ್ಲೂ ಸಂದು ಇಲ್ಲ, ಹಾಗಾಗಿ ಸೋರುವ ಮಾತಿಲ್ಲ. ಮುಂದೆ ತಗ್ಗು ಬಿದ್ದರೆ ಅದೇ ಥರ ಗೂಟದ ಮೇಲಿಟ್ಟು ಸರಿಮಾಡಬಹುದು. ಗುರುತಿಸುವುದು ಹೀಗೆ: ಸುತ್ತಿಗೆಯ ಗುರುತು ಒಂದರ ಮೇಲೊಂದು ಹತ್ತಿದ್ದು, ಸಾಲು ಚೂರು ಓರೆಕೋರೆಯಾಗಿರುತ್ತದೆ. ಒಳಮೈಯಲ್ಲಿ ಗೂಟದ ನಯ ಕಾಣುತ್ತದೆ. ಎಲ್ಲ ಗುರುತೂ ಒಂದೇ ಗಾತ್ರ, ಒಂದೇ ಆಳವಿದ್ದರೆ ಅದು ಅಚ್ಚಿನಲ್ಲಿ ಒತ್ತಿದ ‘ಕೈಕೆಲಸ’. ಒಳಗಡೆ ಗ್ರಾಮಫೋನ್ ತಟ್ಟೆಯಂಥ ವರ್ತುಲ ಗೆರೆಗಳಿದ್ದರೆ ಲೇತಿನ ಮೇಲೆ ತಿರುಗಿಸಿ ಒತ್ತಿದ್ದು. ಲೇತಿನ ಕೆಲಸ ಕೆಟ್ಟದ್ದೆಂದು ತಿಳಿಯಬೇಡಿ. ಆರು ಲೋಟ ಒಂದೇ ಅಳತೆಗೆ ಬೇಕಿದ್ದರೆ ಮೈಯನ್ನು ಲೇತಿನಲ್ಲಿ ಮಾಡಿಸಿ, ಅಂಚು ಮತ್ತು ಅಲಂಕಾರ ಕೈಯಲ್ಲಿ ಮಾಡಿಸುವುದು ಜಾಣತನ. ಕೈಕೆಲಸದ ದರಕ್ಕೆ ಲೇತಿನ ಪಾತ್ರೆ ತರುವುದಷ್ಟೇ ದಡ್ಡತನ.

ಉಬ್ಬುಕೆಲಸದಲ್ಲಿ ತಗಡನ್ನು ಅರಗಿನ ಹಾಸಿಗೆಯ ಮೇಲೆ ಕೂರಿಸುತ್ತಾರೆ. ರಾಳ, ಇಟ್ಟಿಗೆ ಪುಡಿ, ಎಣ್ಣೆ ಬೆರೆಸಿ ಕಾಯಿಸಿದ ಅರಗು. ಎಣ್ಣೆ ಹೆಚ್ಚಾದರೆ ಮೆತ್ತಗಾಗಿ ಗೆರೆ ಹರಡುತ್ತದೆ, ಕಡಿಮೆಯಾದರೆ ಅರಗು ಚೂರಾಗಿ ತಗಡು ಹರಿಯುತ್ತದೆ. ಹಿಂದಿನಿಂದ ಉಬ್ಬಿಸಿ, ಮುಂದಿನಿಂದ ಉಳಿಯಲ್ಲಿ ಗೆರೆ ತಿದ್ದಿ, ಅರಗು ಸುಟ್ಟು ತೆಗೆದು, ಹದ ಕಾಯಿಸಿ, ಮತ್ತೆ ಅರಗಿಗೆ. ಹೊಸ ರೂಪದ ಬಹುಪಾಲು ಸೊಗಸು ಇಲ್ಲೇ ಹುಟ್ಟುವುದು. ಮನೆಬಳಕೆಯ ಪಾತ್ರೆಯ ಮೈಮೇಲೆ ಕಥೆ ಹೇಳಿಸುವುದು ಹೊಸ ಸಂಗತಿಯೇನಲ್ಲ, 19ನೇ ಶತಮಾನದಲ್ಲೇ ಮದ್ರಾಸಿನ ಪಿ. ಓರ್ ಆ್ಯಂಡ್ ಸನ್ಸ್ ಇಂಗ್ಲಿಷರ ಟೀ ಸೆಟ್ಟಿನ ಸುತ್ತ ದೇವರುಗಳನ್ನು ಉಬ್ಬಿಸಿ ‘ಸ್ವಾಮಿ’ ಬೆಳ್ಳಿ ಎಂದು ಮಾರುತ್ತಿತ್ತು. ನಮ್ಮ ಕಡೆಯಾದರೆ ಶಿರಸಿ ಮಾರಿಕಾಂಬೆಯ ಗುಡಿಯ ಗೋಡೆಯಲ್ಲಿರುವಂಥ ಕಾವಿ ಕಲೆಯ ಬಳ್ಳಿ, ಯಕ್ಷಗಾನದ ಭುಜಕೀರ್ತಿಯ ಹರಳು-ಗೆರೆ, ಅಘನಾಶಿನಿಯ ಬೆಳಚಿನ ಚಿಪ್ಪಿನ ಪಟ್ಟೆ ಇವೆಲ್ಲ ಉಳಿಗೆ ಚೆನ್ನಾಗಿ ಒಗ್ಗುವ ವಸ್ತು. ಕಾವಿ ಕಲೆ ಕೆಂಪು-ಬಿಳಿ ಎರಡೇ ಬಣ್ಣದ ಚಪ್ಪಟೆ ಚಿತ್ರ, ಅದನ್ನು ಎತ್ತರಕ್ಕೆ ಉಬ್ಬಿಸಿದರೆ ಸತ್ತುಹೋಗುತ್ತದೆ. ತಗ್ಗಿನಲ್ಲಿ ಕಪ್ಪಿಟ್ಟು, ಉಳಿದದ್ದನ್ನು ಮಂಕು ಬಿಳಿ ಬಿಡಿಸುವುದು ಅದಕ್ಕೆ ತಕ್ಕ ದಾರಿ.

ಆದರೆ ಉಬ್ಬುಕೆಲಸ ಎಲ್ಲಿ ಬೇಡ ಎಂಬುದನ್ನೂ ಹೇಳಬೇಕು. ಅಭಿಷೇಕದ ಪಾತ್ರೆ, ಪಂಚಪಾತ್ರೆ, ಮಕ್ಕಳಿಗೆ ಹಾಲು ಕುಡಿಸುವ ಒಳಲೆ ಇವುಗಳ ಒಳಮೈ ಬೋಳಾಗಿರಬೇಕು. ಹಾಲು, ಮೊಸರು, ಜೇನು ಸಂದುಗೊಂದಿಗೆ ಸೇರಿದರೆ ತೊಳೆದು ಮುಗಿಯುವುದಿಲ್ಲ. ಒಳಲೆಯ ಮೂತಿಯ ಬೆಸುಗೆಯಂತೂ ಒಳಗಿನಿಂದ ಬೆರಳಾಡಿಸಿದರೆ ಸಿಗಬಾರದು.

ಎರಕಕ್ಕೆ ಒಂದೇ ಮಾತು: ಸಣ್ಣ ಗಟ್ಟಿ ತುಂಡಿಗೆ ಸರಿ. ಹಿಡಿ, ಕಾಲು, ಮುಚ್ಚಳದ ಮೇಲಿನ ಹಕ್ಕಿ, ಸುಣ್ಣದ ಡಬ್ಬಿ, ಚಿಪ್ಪಿನಾಕಾರದ ಚಮಚ. ಇಡೀ ಪಾತ್ರೆಯನ್ನು ಮೇಣದ ಎರಕದಲ್ಲಿ ತೆಗೆದರೆ ಗೋಡೆ ದಪ್ಪವಾಗಿಡಬೇಕು, ತೂಕ ಏರುತ್ತದೆ. ಗಾಳಿ ಸಿಕ್ಕಿಕೊಂಡ ಸೂಜಿರಂಧ್ರದಲ್ಲಿ ನೀರು ಜಿನುಗುತ್ತದೆ, ಬಿದ್ದರೆ ಬಾಗುವ ಬದಲು ಬಿರುಕು ಬಿಡಬಹುದು.

ಹೊಳಪು, ಮಂಕು, ಕಪ್ಪು

ಕನ್ನಡಿ ಹೊಳಪು ಅಂಗಡಿಯಲ್ಲಿ ಸೆಳೆಯುತ್ತದೆ, ಮನೆಗೆ ಬಂದ ತಿಂಗಳಲ್ಲೇ ಬೆರಳಚ್ಚು, ಗೀರು, ಹಳದಿ. ವಾರವಾರ ಒರೆಸುವ ಕೈಯಿದ್ದರೆ ಮಾತ್ರ ತನ್ನಿ. ಸುತ್ತಿಗೆಯ ಗುರುತು ಉಳಿಸಿದ ಮೈ ಗೀರನ್ನು ಮರೆಮಾಡುತ್ತದೆ. ಹಿತ್ತಾಳೆ ತಂತಿಯ ಬ್ರಷ್ಷಿನಿಂದ ಮಂಕು ಮಾಡಿದ ಬಿಳಿ ನೋಡಲು ತಂಪು, ಆದರೆ ಎಣ್ಣೆಯ ಕೈ ತಾಗಿದ ಕಡೆ ಕಲೆ ನಿಲ್ಲುತ್ತದೆ. ದೀಪಕ್ಕೆ ಅದು ಬೇಡ.

ಗಂಧಕದ ದ್ರಾವಣದಿಂದ ತಗ್ಗುಗಳಲ್ಲಿ ಕಪ್ಪು ಕೂರಿಸಿ ಉಬ್ಬನ್ನು ಉಜ್ಜಿ ಬಿಳಿ ಮಾಡುವ ಪದ್ಧತಿಗೆ ಅಂಗಡಿಯವರು ‘ಆಕ್ಸಿಡೈಸ್ಡ್’ ಅನ್ನುತ್ತಾರೆ. ನಿಜದಲ್ಲಿ ಅದು ಆಕ್ಸೈಡಲ್ಲ, ಸಲ್ಫೈಡ್. ನಿಮ್ಮ ಮನೆಯ ಗಾಳಿ ಆರು ತಿಂಗಳಲ್ಲಿ ಬಿಟ್ಟಿಯಾಗಿ ಮಾಡುವ ಕೆಲಸವನ್ನು ಅವರು ಹತ್ತು ನಿಮಿಷದಲ್ಲಿ, ಬೇಕಾದ ಕಡೆಗಷ್ಟೇ ಮಾಡಿಕೊಡುತ್ತಾರೆ. ಹಿನ್ನೀರಿನ ಪಕ್ಕದ ಮನೆಗೆ, ಶೋಕೇಸಿನ ಪಾತ್ರೆಗೆ ನಮ್ಮ ಮೊದಲ ಆಯ್ಕೆ ಇದೇ. ಗಾಳಿ ಇನ್ನಷ್ಟು ಕಪ್ಪು ಸೇರಿಸಿದರೂ ಕೆಲಸ ಕೆಡುವುದಿಲ್ಲ, ಉಬ್ಬನ್ನಷ್ಟೇ ಬಟ್ಟೆಯಿಂದ ಒರೆಸಿದರೆ ಮುಗಿಯಿತು.

ಇಂಥ ಪಾತ್ರೆಯನ್ನು ಅಲ್ಯುಮಿನಿಯಂ ಹಾಳೆ ಮತ್ತು ಅಡುಗೆ ಸೋಡಾದ ಬಿಸಿನೀರಿನಲ್ಲಿ ಅದ್ದುವುದು ಮಹಾಪರಾಧ. ಆ ಉಪಾಯ ಬೋಳು ಬೆಳ್ಳಿಗೆ ಒಳ್ಳೆಯದೇ: ಲೀಟರ್ ಬಿಸಿನೀರಿಗೆ ಎರಡು ದೊಡ್ಡ ಚಮಚ ಸೋಡಾ, ಹಾಳೆಗೆ ಪಾತ್ರೆ ತಾಗಿರಬೇಕು, ಕೆಲವೇ ನಿಮಿಷ. ಸಲ್ಫೈಡು ಮರಳಿ ಬೆಳ್ಳಿಯಾಗುತ್ತದೆ, ಲೋಹ ನಷ್ಟವಿಲ್ಲ. ಆದರೆ ಅದು ಕೊಳೆಯ ಕಪ್ಪಿಗೂ ಕಲಾವಿದ ಇಟ್ಟ ಕಪ್ಪಿಗೂ ಭೇದ ಮಾಡುವುದಿಲ್ಲ. ಒಂದು ವಾರದ ಕೆಲಸ ಐದು ನಿಮಿಷಕ್ಕೆ ಬೋಳು ತಗಡಾಗುತ್ತದೆ. ಹಲ್ಲುಪುಡಿ, ವಿಭೂತಿ, ಒಲೆಬೂದಿ ಹಾಕಿ ತಿಕ್ಕುವುದನ್ನೂ ಕಲಾಕೆಲಸಕ್ಕೆ ಬಿಟ್ಟುಬಿಡಿ, ತಿಕ್ಕಿದಷ್ಟೂ ಉಳಿಯ ಗೆರೆ ಸವೆಯುತ್ತದೆ. ಅಂಟುವಾಳದ ನೀರು, ಮೆತ್ತಗಿನ ಬ್ರಷ್, ತಕ್ಷಣ ಒರೆಸಿ ಒಣಗಿಸುವುದು ಸಾಕು.

ವಾರ್ನಿಷ್ ಹೊಡೆದು ‘ಜನ್ಮದಲ್ಲಿ ಕಪ್ಪಾಗದು’ ಎಂದು ಮಾರುವುದುಂಟು. ನಮ್ಮ ಸೆಕೆ ಮತ್ತು ತೇವಕ್ಕೆ ಅದು ಅಂಚಿನಲ್ಲಿ ಏಳುತ್ತದೆ, ಎದ್ದ ಕಡೆ ಮಾತ್ರ ಕಪ್ಪಾಗಿ ನಕ್ಷೆ ಬರೆದಂತೆ ಕಾಣುತ್ತದೆ. ಊಟದ ಪಾತ್ರೆಗಂತೂ ಬೇಡ. ರೋಡಿಯಂ ಲೇಪ ತಡೆಯುತ್ತದೆ, ಆದರೆ ಮುಂದೆ ದುರಸ್ತಿಗೆ ಕಾಯಿಸಿದರೆ ಕೆಡುತ್ತದೆ, ಬೆಳ್ಳಿಯ ಬೆಚ್ಚನೆಯ ಬಿಳಿಯೂ ಹೋಗಿ ಸ್ಟೀಲಿನ ಬಣ್ಣ ಬರುತ್ತದೆ.

ಇಡುವ ಜಾಗದ ಬಗ್ಗೆ ಎರಡು ಮಾತು. ರಬ್ಬರ್ ಬ್ಯಾಂಡ್, ಉಣ್ಣೆ, ಹಳೆ ಪತ್ರಿಕೆ ತಾಗಿಸಬೇಡಿ. ರಬ್ಬರಿನ ಗಂಧಕ ಪಾತ್ರೆಯ ಮೇಲೆ ಬಳೆಯಾಕಾರದ ಕಪ್ಪು ಬರೆ ಎಳೆಯುತ್ತದೆ. ತೊಳೆದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆಗಿಡಿ. ಹೊಸ ಪ್ಲೈವುಡ್ ಕಪಾಟಿನ ಅಂಟಿನ ಆವಿಯೂ ಲೋಹಕ್ಕೆ ಹಿತವಲ್ಲ.

ಹಳೆಯ ಬೆಳ್ಳಿ ಕರಗಿಸುವುದೇ?

ಪೆಟ್ಟಿಗೆಯಲ್ಲಿ ನಾಲ್ಕು ಲೋಟ, ಒಂದು ಪನ್ನೀರುದಾನಿ, ಹಿಡಿ ಹಳೆ ರೂಪಾಯಿ ಇದ್ದವರು ‘ಎಲ್ಲ ಸೇರಿಸಿ ಹೊಸದೊಂದು ಮಾಡಿಸೋಣ’ ಅನ್ನುತ್ತಾರೆ. ಬೇರೆ ಬೇರೆ ಇಟ್ಟು ನೋಡಿ. ಬ್ರಿಟಿಷ್ ಕಾಲದ ಒಂದು ರೂಪಾಯಿ 11.66 ಗ್ರಾಂ, ಅಂದರೆ ಒಂದು ತೊಲ. 1939ರವರೆಗಿನದರಲ್ಲಿ 91.7% ಬೆಳ್ಳಿ. 1940ರಿಂದ 1945ರವರೆಗಿನದರಲ್ಲಿ ಅರ್ಧವೇ ಬೆಳ್ಳಿ. ಎರಡನ್ನೂ ಒಂದೇ ಮೂಸೆಗೆ ಹಾಕಿದರೆ ದರ್ಜೆ ಇಳಿದು, ಬಡಿಯುವಾಗ ಸೀಳುವ ಲೋಹ ಸಿಗುತ್ತದೆ. ಕೆಲವು ವರ್ಷದ ನಾಣ್ಯಕ್ಕೆ ಸಂಗ್ರಹಕಾರರು ಲೋಹದ ಬೆಲೆಗಿಂತ ಹೆಚ್ಚು ಕೊಡುವುದೂ ಇದೆ.

ಪನ್ನೀರುದಾನಿಯ ಕಾಲು, ದೀಪದ ಕಂಬ, ಚಾಮರದ ಹಿಡಿಗಳೊಳಗೆ ಅರಗು ತುಂಬಿರುತ್ತದೆ. ತಕ್ಕಡಿಯಲ್ಲಿ 300 ಗ್ರಾಂ ತೂಗಿದ್ದು ಕರಗಿಸಿದಾಗ ತೀರ ಕಡಿಮೆ ಇಳಿದರೆ ಕೆಲಸಗಾರನನ್ನು ಕಳ್ಳನೆನ್ನುವ ಮುನ್ನ ಇದನ್ನು ನೆನೆಯಿರಿ. ಕರಗಿಸುವಾಗ ಎದುರಿಗೇ ನಿಲ್ಲಿ, ಗಟ್ಟಿಯ ತೂಕ ಬರೆಸಿಕೊಳ್ಳಿ.

ಇನ್ನೊಂದು ಅಪಾಯ ಸೀಸ. ಸಂತೆಯಲ್ಲೋ ಬೀದಿಯಲ್ಲೋ ಸೀಸ-ತವರದ ಬೆಸುಗೆ ಹಾಕಿಸಿಕೊಂಡ ಹಳೆ ಪಾತ್ರೆಯನ್ನು ಕೆಂಪಗೆ ಕಾಯಿಸಿದರೆ ಸೀಸ ಬೆಳ್ಳಿಯೊಳಗಿಳಿದು ತೂತು ಕೊರೆಯುತ್ತದೆ. ಸಂದಿನಲ್ಲಿ ಬೂದು ಬಣ್ಣದ, ಉಗುರಿಗೆ ಗೀರು ಬೀಳುವ ತೇಪೆ ಕಂಡರೆ ಅದನ್ನು ಮೊದಲು ಕೆರೆದು ತೆಗೆಯಲೇಬೇಕು, ಇಲ್ಲವೇ ಆ ತುಂಡನ್ನೇ ಕತ್ತರಿಸಬೇಕು.

ಕರಗಿಸದೆಯೂ ಹೊಸದು ಮಾಡಬಹುದು, ನಮಗೆ ಹೆಚ್ಚು ಇಷ್ಟವಾದ ದಾರಿ ಇದು. ಹಳೆ ಪಾತ್ರೆಯ ಮೇಲೆ ಚುಕ್ಕಿಚುಕ್ಕಿಯಾಗಿ ಕೊಟ್ಟವರ ಹೆಸರು ಕೊರೆದಿರುತ್ತದಲ್ಲ, ಆ ತುಂಡನ್ನು ಹಾಗೇ ಕತ್ತರಿಸಿ ಹೊಸ ತಟ್ಟೆಯ ನಡುವೆ ರಿವಿಟ್ಟಿನಿಂದ ಕೂರಿಸುವುದು. ತಗ್ಗುಬಿದ್ದ ಮೂರು ಲೋಟಗಳ ತಳ ತೆಗೆದು, ಮೈ ಬಿಚ್ಚಿ ಚಪ್ಪಟೆ ಮಾಡಿ ಕವಳದ ತಟ್ಟೆಯ ಮೂರು ಎಸಳು ಮಾಡುವುದು. ಎಲೆ, ಅಡಿಕೆ, ಸುಣ್ಣ ಮೂರಕ್ಕೂ ಮನೆ ಸಿಕ್ಕಿತು. ಸುಣ್ಣದ ಬಟ್ಟಲನ್ನು ಮಾತ್ರ ಬಿಡಿಸಿ ತೊಳೆಯುವಂತಿರಲಿ, ಒಣಗಿದ ಸುಣ್ಣ ಕೆರೆಯುವಾಗಲೇ ಎಷ್ಟೋ ತಟ್ಟೆ ಗೀರುಬಿದ್ದು ಹಾಳಾಗುವುದು.

ನೋಡಲು ಚಂದವಾಗಿ, ತಗ್ಗಿಲ್ಲದೆ, ಬಳಕೆಯಲ್ಲೇ ಇರುವ ಹಳೆಯದಿದ್ದರೆ ಬಿಟ್ಟುಬಿಡಿ. ಹೊಸ ಕೆಲಸಕ್ಕೆ ಹೊಸ ತಗಡು ತನ್ನಿ.

ಪರೀಕ್ಷೆ ಮತ್ತು ಬಿಲ್ಲು

ಬೆಳ್ಳಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಶುದ್ಧತೆಯ ಗುರುತಾದ ಹಾಲ್‌ಮಾರ್ಕ್ ಕಡ್ಡಾಯವಲ್ಲ, ಐಚ್ಛಿಕ. 2025ರ ಸೆಪ್ಟೆಂಬರ್ 1ರಿಂದ ಹಾಲ್‌ಮಾರ್ಕ್ ಮಾಡಿದ ಬೆಳ್ಳಿ ಸಾಮಾನಿಗೆ ಚಿನ್ನದಂತೆಯೇ ಒಂದೊಂದು ಸಾಮಾನಿಗೂ ಬೇರೆಯಾದ, ಅಕ್ಷರ-ಅಂಕಿ ಬೆರೆತ ಆರು ಸ್ಥಾನದ ಎಚ್‌ಯುಐಡಿ ಗುರುತು ಬಂದಿದೆ, ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಬಹುದು. ಒಬ್ಬನೇ ಕೂತು ಬಡಿಯುವ ಸಣ್ಣ ಕಲಾವಿದನ ಕೆಲಸದಲ್ಲಿ ಗುರುತಿಲ್ಲದಿರಬಹುದು, ಅಷ್ಟಕ್ಕೇ ಸಂಶಯ ಬೇಡ. ಯಂತ್ರದ ಪರೀಕ್ಷೆಯನ್ನೂ ಪೂರ್ತಿ ನಂಬಬೇಡಿ. ಎಕ್ಸ್‌ರೇ ಯಂತ್ರ ಓದುವುದು ಮೇಲ್ಮೈಯ ಕೆಲವು ಹತ್ತು ಮೈಕ್ರಾನನ್ನಷ್ಟೇ. ಆಮ್ಲದಲ್ಲಿ ಬೇಯಿಸಿದ 925ರ ಮೇಲ್ಪದರದಿಂದ ತಾಮ್ರ ಹೋಗಿ ಬೆಳ್ಳಿ ದಟ್ಟವಾಗಿರುತ್ತದೆ, ಆಗ ಅಂಕಿ ಇದ್ದದ್ದಕ್ಕಿಂತ ಮೇಲೆ ತೋರುತ್ತದೆ. ಕಾಲಿನ ಅಡಿಯಲ್ಲಿ ಅರದಿಂದ ಒಂದು ಗೀರು ಉಜ್ಜಿಸಿ ಅಲ್ಲಿ ಅಳೆಸಿ.

ಬೆಸುಗೆ ಯಾವುದೆಂದು ಬಾಯಿಬಿಟ್ಟು ಕೇಳಿ. ಚಿನ್ನದಂಗಡಿಯಲ್ಲಿ ‘ಕೆಡಿಎಂ’ ಎಂದು ಕೇಳಿದ ಕ್ಯಾಡ್ಮಿಯಂ ಬೆಳ್ಳಿಯ ಬೆಸುಗೆಯಲ್ಲೂ ಬಳಕೆಯಲ್ಲಿದೆ. ಸುಲಭವಾಗಿ ಹರಿಯುತ್ತದೆಂದು ಕೆಲಸಗಾರರಿಗೆ ಅದರ ಮೇಲೆ ಪ್ರೀತಿ, ಅದರ ಹೊಗೆ ಅವರದೇ ಪುಪ್ಪುಸಕ್ಕೆ ವಿಷ. ತಿನ್ನುವ ಕುಡಿಯುವ ಪಾತ್ರೆಗೆ ಕ್ಯಾಡ್ಮಿಯಂ ಇಲ್ಲದ, ಬೆಳ್ಳಿ-ತಾಮ್ರ-ಸತುವಿನ ಬೆಸುಗೆಯೇ ಬೇಕೆಂದು ಮುಂಗಡ ಕೊಡುವಾಗಲೇ ಹೇಳಿ.

ಪಾತ್ರೆ ಕೈಗೆ ಬಂದ ದಿನ ನೀರು ತುಂಬಿಸಿ ಟಿಶ್ಯೂ ಕಾಗದದ ಮೇಲೆ ಅರ್ಧ ಗಂಟೆ ಇಡಿ. ಕಾಗದ ಒದ್ದೆಯಾದರೆ ಸಂದು ಸೋರುತ್ತಿದೆ. ಗಿಂಡಿಯಾದರೆ ಹೊಯ್ದು ತಟ್ಟನೆ ನಿಲ್ಲಿಸಿ. ನೀರು ಹೊಟ್ಟೆಯ ಮೇಲೆ ಇಳಿದುಬಂದರೆ ಮೂತಿಯ ಅಂಚು ಹೆಚ್ಚು ಗುಂಡಗಿದೆ, ಕೆಳತುಟಿಯನ್ನು ಅರದಿಂದ ಚೂಪು ಮಾಡಿದರೆ ಸರಿಹೋಗುತ್ತದೆ. ಮೂತಿಯ ತುದಿ ಬಾಯಿಯ ಅಂಚಿಗಿಂತ ತಗ್ಗಿದ್ದರೆ ಮಾತ್ರ ಗತಿಯಿಲ್ಲ, ತುಂಬುವ ಮೊದಲೇ ಅದು ಚೆಲ್ಲುತ್ತದೆ, ವಾಪಸ್ ಕೊಡಿ. ಎಷ್ಟೇ ಕಲಾತ್ಮಕವಾಗಿದ್ದರೂ ಚೆಲ್ಲುವ ಗಿಂಡಿ ಗಿಂಡಿಯಲ್ಲ.

ಬಿಲ್ಲಿನಲ್ಲಿ ಬೆಳ್ಳಿಯ ನಿವ್ವಳ ತೂಕ, ದರ್ಜೆ, ಮರ-ಕಲ್ಲುಗಳ ತೂಕ, ಮಜೂರಿ ನಾಲ್ಕೂ ಬೇರೆ ಬೇರೆ ಸಾಲಿನಲ್ಲಿರಬೇಕು. ಮಜೂರಿಯನ್ನು ಗ್ರಾಂ ಲೆಕ್ಕದಲ್ಲಿ ಕೇಳುವವರಿಗೆ ತೂಕ ಹೆಚ್ಚಿಸುವ ಆಸೆ ಹುಟ್ಟುವುದು ಸಹಜ. ಕಲಾಕೆಲಸಕ್ಕೆ ಇಡೀ ಪಾತ್ರೆಗೆ ಇಷ್ಟೆಂದು ಗುತ್ತಿಗೆ ಮಾತಾಡುವುದೇ ಇಬ್ಬರಿಗೂ ಒಳ್ಳೆಯದು. ಹೆಸರು ಕೊರೆಸುವುದಿದ್ದರೆ ಕೊನೆಯ ಪಾಲಿಶಿಗೆ ಮುಂಚೆ, ಕಾಲಿನ ಅಡಿಯಲ್ಲಿ, ತಗಡು ದಪ್ಪವಿರುವ ಕಡೆ ಕೊರೆಸಿ. ತೆಳು ಗೋಡೆಯ ಮೇಲೆ ಕೊರೆದರೆ ಅಕ್ಷರ ಒಳಮೈಯಲ್ಲಿ ಉಬ್ಬಿ ಕಾಣುತ್ತದೆ.